ಬಾನೆಟ್ ಬಿಸಿಯಿತ್ತು

ಗಾಡಿ ಮಾರುವವನನ್ನು ನಾನು ಕೇಳಿಕೊಂಡಿದ್ದು ಒಂದೇ. ಹಿಂದಿನ ದಿನ ಸಂಜೆ ಫೋನ್ ಮಾಡಿ, "ಅಣ್ಣ, ನಾಳೆ ನಾನು ಬರೋವರ್ಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳಿದ್ದೆ. "ಅಯ್ಯೋ, ಮುಟ್ಟೋದೂ ಇಲ್ಲಪ್ಪ, ನೀನೇ ಬಂದು ಮಾಡ್ಕೊ" ಅಂದಿದ್ದ. ಶುಕ್ರವಾರ ಬೆಳಿಗ್ಗೆ ಬ್ಯಾಡರಹಳ್ಳಿಗೆ ಹೋಗಿ, ಅವನ ಮನೆ ಮುಂದೆ ನಿಂತಿದ್ದ ಪಿಕಪ್ಪಿನ ಬಾನೆಟ್ ಮೇಲೆ ಅಂಗೈ ಇಟ್ಟೆ. ದೋಸೆ ಹಂಚು ಮುಟ್ಟಿದ ಹಾಗಾಯಿತು.

ಡೀಸೆಲ್ ಗಾಡಿ ಓಡಿಸಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಓಡಿಸದವರಿಗೆ ಹೇಳುತ್ತೇನೆ. ಹಳೇ ಡೀಸೆಲ್ ಇಂಜಿನ್ನಿನ ಯೋಗ್ಯತೆ ಗೊತ್ತಾಗುವುದು ಅದು ರಾತ್ರಿಯೆಲ್ಲ ತಣ್ಣಗೆ ನಿಂತು ಬೆಳಿಗ್ಗೆ ಮೊದಲ ಸಲ ಏಳುವಾಗ. ಎಷ್ಟು ಹೊತ್ತು ಕೊಸರಾಡುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ, ಹೇಗೆ ನಡುಗುತ್ತದೆ, ಎಲ್ಲ ಆವಾಗಲೇ ಕಾಣುವುದು. ಬಿಸಿಯಾಗಿದ್ದರೆ ನಾಳೆ ಸಾಯುವ ಇಂಜಿನ್ನೂ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತದೆ. ರೇಡಿಯೇಟರ್ ಮುಚ್ಚಳ ತೆಗೆದು ನೋಡೋಣ ಅಂದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹಾಗಾಗಿ ಮಾರುವವನು ಬೆಳಿಗ್ಗೆ ಒಂದು ಸುತ್ತು ಹೊಡೆದು ಬಂದುಬಿಟ್ಟರೆ ಕೊಳ್ಳುವವನ ಕಣ್ಣು ಕಟ್ಟಿದಂತೆಯೇ.

"ಏನಣ್ಣ ಇದು, ಬಿಸಿ ಐತಲ್ಲ?" ಅಂದೆ.

"ಶುಕ್ರವಾರ ಅಲ್ವೇನಪ್ಪ," ಅಂದ, ನಗುನಗುತ್ತ. "ನಿಮ್ಗೆ ಕೊಡೋ ಗಾಡಿ, ಹಂಗೇ ಕೊಡಕ್ಕಾಯ್ತದಾ? ಬೆಳಿಗ್ಗೆನೇ ದೇವಸ್ಥಾನದ ಹತ್ರ ತಗೊಂಡೋಗಿ ಪೂಜೆ ಮಾಡಿಸ್ಕೊಂಡ್ ಬಂದೆ."

ನಿಜವೇ. ಗಾಡಿಯ ಮುಂದೆ ಚೆಂಡುಹೂವಿನ ಹಾರ, ಗಾಜಿನ ಮೇಲೆ ವಿಭೂತಿ ಪಟ್ಟೆ, ಬಂಪರಿಗೆ ಕುಂಕುಮ, ಚಕ್ರಕ್ಕೆ ಅಂಟಿಕೊಂಡ ನಿಂಬೆಹಣ್ಣಿನ ಸಿಪ್ಪೆ. ಕ್ಯಾಬಿನ್ ಒಳಗೆ ಊದುಬತ್ತಿಯ ವಾಸನೆ ಬಿಟ್ಟರೆ ಬೇರೆ ಏನೂ ಮೂಗಿಗೆ ಬರುತ್ತಿರಲಿಲ್ಲ. ಪೂಜೆ ಯಾಕೆ ಮಾಡಿಸಿದೆ ಅಂತ ಯಾರಾದರೂ ಕೇಳಲಿಕ್ಕಾಗುತ್ತದಾ? ನನ್ನ ಜೊತೆ ಬಂದಿದ್ದ ಮಾವ, ಅಂದರೆ ನನ್ನ ತಾಯಿಯ ಅಣ್ಣ, ಆಗಲೇ ಚಪ್ಪಲಿ ಬಿಟ್ಟು ಗಾಡಿಗೆ ಕೈಮುಗಿದು ನಿಂತಿದ್ದರು.

"ನೋಡು, ಎಷ್ಟು ಭಕ್ತಿ," ಅಂದರು ನನಗೆ.

ನನಗೆ ಉರಿದು ಹೋಯಿತು. ದೇವರನ್ನು ಮುಂದೆ ನಿಲ್ಲಿಸಿ ಇಂಜಿನ್ ಬಿಸಿ ಮಾಡಿಕೊಂಡು ಬಂದಿದ್ದಾನೆ, ಇವರು ಭಕ್ತಿ ಅನ್ನುತ್ತಾರೆ.

ಈ ಗಾಡಿ ನನಗೆ ಶೋಕಿಗೆ ಬೇಕಾಗಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಲೈಸೆನ್ಸ್ ಬಂದಾಗಿನಿಂದ ಬೇರೆಯವರ ಪಿಕಪ್ ಓಡಿಸಿಕೊಂಡಿದ್ದೆ. ಸುಂಕದಕಟ್ಟೆಯ ಒಂದು ವೆಲ್ಡಿಂಗ್ ಅಂಗಡಿಯಿಂದ ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ ಹೇರಿಕೊಂಡು ಮನೆ ಕಟ್ಟುವ ಕಡೆಗೆಲ್ಲ ಮುಟ್ಟಿಸುವುದು ನನ್ನ ಕೆಲಸ. ಗಾಡಿಯ ಓನರು ಗಾಡಿ ಮಾರಿ ಊರಿಗೆ ಹೊರಟ. ವೆಲ್ಡಿಂಗ್ ಅಂಗಡಿಯವರು ನನ್ನನ್ನು ಕರೆದು, "ಜ್ಞಾನಭಾರತಿ ಕಡೆ ದೊಡ್ಡ ಕೆಲ್ಸ ಬಂದಿದೆ. ಸೋಮವಾರದಿಂದ ಲೋಡ್ ಶುರು. ನಿಂದೇ ಗಾಡಿ ತಂದ್ರೆ ಸಾಗಾಟ ಪೂರ್ತಿ ನಿಂಗೆ. ಇಲ್ಲಾಂದ್ರೆ ಬೇರೆಯವ್ನಿಗೆ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ" ಅಂದಿದ್ದರು. ನನ್ನ ಉಳಿತಾಯ, ಅಮ್ಮ ಚೀಟಿ ಎತ್ತಿದ ದುಡ್ಡು, ಎರಡೂ ಸೇರಿದರೆ ಒಂದು ಹಳೇ ಗಾಡಿಗೆ ಆಗುತ್ತಿತ್ತು. ಒಂದೇ ಒಂದಕ್ಕೆ. ಅದು ರಸ್ತೆಯಲ್ಲಿ ಕೈಕೊಟ್ಟರೆ ರಿಪೇರಿಗೆ ಕೂಡ ಮನೆಯಲ್ಲಿ ಏನೂ ಉಳಿದಿರಲಿಲ್ಲ.

ಗಾಡಿ ನೋಡಿಕೊಟ್ಟಿದ್ದು ಮಾವ. ಚಂದ್ರಾ ಲೇಔಟಿನಲ್ಲಿ ಅವರದು ದಿನಸಿ ಅಂಗಡಿ. ಅಪ್ಪ ಹೋದ ಮೇಲೆ ನಮ್ಮ ಮನೆಯ ದೊಡ್ಡ ಮಾತೆಲ್ಲ ಅವರದೇ. ಈ ಮಾರುವವನು ಅತ್ತೆಯ ತವರಿನ ಕಡೆಯವನು, ಹಳೇ ಬ್ಯಾಡರಹಳ್ಳಿಯವನು. ಜಮೀನೆಲ್ಲ ಸೈಟಾದ ಮೇಲೆ ಬಾಡಿಗೆ ಮನೆ ಕಟ್ಟಿಸಿ, ಜೊತೆಗೆ ಗಾಡಿ ತಗೊಂಡು ಮಾರುವ ವ್ಯವಹಾರ ಇಟ್ಟುಕೊಂಡಿದ್ದ. ಮಾವ ಗಾಡಿಯ ಮುಖ ಕೂಡ ನೋಡದೆ ಫೋನಿನಲ್ಲೇ "ನಮ್ಮ ಹುಡುಗಂಗೇ ಕೊಡ್ಬೇಕು, ಬೇರೆ ಯಾರ್ಗೂ ಕೊಡಂಗಿಲ್ಲ" ಅಂತ ಮಾತು ಕೊಟ್ಟುಬಿಟ್ಟಿದ್ದರು. ಅಡ್ವಾನ್ಸಿನ ದುಡ್ಡು, ವೀಳ್ಯದೆಲೆ, ಅಡಿಕೆ ಎಲ್ಲ ಅವರ ಬಟ್ಟೆ ಚೀಲದಲ್ಲಿ. ಎಲೆ ಅಡಿಕೆ ಮೇಲೆ ದುಡ್ಡಿಟ್ಟು ಕೊಟ್ಟರೆ ಮುಗಿಯಿತು. ಆಮೇಲೆ ಬೇಡ ಅನ್ನುವ ಹಾಗಿಲ್ಲ, ವಾಪಸ್ ಕೇಳಿದರೆ ನೆಂಟಸ್ತನವೇ ಹೋಗುತ್ತದೆ.

ಮೊದಲು ಕಾಫಿ ಬಂತು. ಬೇಡ ಅಂದರೂ ಬಂತು. ಸ್ಟೀಲ್ ಲೋಟ ಕೈಗೆ ಕೊಟ್ಟು ಅವನು ಜಗುಲಿಯ ಮೇಲೆ ಕೂತು ಊರಿನ ಸುದ್ದಿ ತೆಗೆದ. ಯಾರ ಮಗಳಿಗೆ ಮದುವೆ, ಯಾರ ಸೈಟು ಎಷ್ಟಕ್ಕೆ ಹೋಯಿತು. ಒಬ್ಬರ ಮನೆಯಲ್ಲಿ ಕೂತು ಕಾಫಿ ಕುಡಿದ ಮೇಲೆ ಎದ್ದು ಅವರ ಗಾಡಿಯ ಕೆಳಗೆ ಟಾರ್ಚ್ ಬಿಟ್ಟು ನೋಡುವುದಕ್ಕೆ ಮುಖ ಬರಬಾರದು, ಅದಕ್ಕೇ ಆ ಕಾಫಿ.

ನಾನು ಲೋಟ ಅರ್ಧಕ್ಕೇ ಇಟ್ಟು ಎದ್ದೆ.

"ಕೂತ್ಕೊಳ್ಳಪ್ಪ, ಗಾಡಿ ಎಲ್ಲೂ ಓಡೋಗಲ್ಲ," ಅಂದ.

"ಓಡ್ತದೋ ಇಲ್ವೋ ಅದೇ ನೋಡ್ಬೇಕಲ್ಲಣ್ಣ," ಅಂದೆ.

ಟೈರಿಗೆ ಕಪ್ಪು ಪಾಲಿಶ್ ಹೊಡೆದು ಮಿರಿಮಿರಿ ಮಾಡಿದ್ದ. ಉಗುರಿನಿಂದ ಕೆರೆದರೆ ಒಳಗೆ ಸೀಳು. ಹಿಂದಿನ ಎರಡೂ ಟೈರು ಸವೆದ ಮೇಲೆ ರಬ್ಬರ್ ಅಂಟಿಸಿ ಮತ್ತೆ ರಸ್ತೆಗೆ ಬಿಟ್ಟಂಥವು. ಲೋಡ್ ಹಾಕುವ ಜಾಗಕ್ಕೆ ಹೊಸ ತಗಡು ಬಡಿಸಿದ್ದ. ಮೂಲೆಯಲ್ಲಿ ಬೆರಳು ತೂರಿಸಿ ಎತ್ತಿದರೆ ಕೆಳಗಿನ ತಗಡು ಹಪ್ಪಳದ ಹಾಗೆ ಪುಡಿಯಾಯಿತು. ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದೆ. ಜೇನುತುಪ್ಪದ ಬಣ್ಣ. ಡೀಸೆಲ್ ಗಾಡಿಯ ಆಯಿಲ್ ಹಾಕಿದ ಒಂದೆರಡು ದಿನಕ್ಕೇ ಕಪ್ಪಾಗುತ್ತದೆ. ಇದು ನಿನ್ನೆಯೋ ಇವತ್ತೋ ಹಾಕಿದ್ದು.

"ಆಯಿಲ್ ಹೊಸದು," ಅಂದೆ.

"ನಿಂಗೋಸ್ಕರನೇ ಹಾಕ್ಸಿದ್ದು," ಅಂದ.

ಎಲ್ಲವೂ ನನಗೋಸ್ಕರವೇ. ಪೂಜೆ ನನಗೋಸ್ಕರ, ಆಯಿಲ್ ನನಗೋಸ್ಕರ, ತಗಡು ನನಗೋಸ್ಕರ. ಹಳೇ ಆಯಿಲ್ ಯಾವ ಬಣ್ಣದಲ್ಲಿತ್ತು ಅಂತ ಮಾತ್ರ ನನಗೆ ಹೇಳುವವರಿಲ್ಲ.

ನಾನು ಬಾಗಿಲು ತೆಗೆದು ಹಾಕಿ, ಸ್ಟೇರಿಂಗ್ ಅಲ್ಲಾಡಿಸಿ, ಸ್ಪ್ರಿಂಗ್ ಪಟ್ಟಿ ಬಡಿದು ನೋಡುತ್ತಿದ್ದರೆ ಅವನು ಮಾವನ ಕಡೆ ತಿರುಗಿದ.

"ಏನ್ ಭಾವ, ನಿಮ್ಮುಡ್ಗ ಹೆಣ್ಣು ನೋಡಕ್ಕೋದ್ರೂ ಹಿಂಗೇ ಹಲ್ಲು ಎಣ್ಸಿ ಬರ್ತಾನಾ? ನನ್ಮೇಲೆ ನಂಬ್ಕೆ ಇಲ್ವಾ?"

ಮಾವನ ಮುಖ ಚಿಕ್ಕದಾಯಿತು. "ಲೋ, ಸಾಕು ಬಾರೋ. ಮನೆಯವ್ರಿದ್ದಂಗೆ ಅವ್ರು," ಅಂದರು.

ಈ ನಂಬಿಕೆ ಅನ್ನುವ ಮಾತು ಕೇಳಿದರೆ ನನಗೆ ಆಗುವುದಿಲ್ಲ. ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಮುರಿದು ನೋಡುವವರು, ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವರು, ಜೀವಮಾನದ ದುಡ್ಡು ಸುರಿಯುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳಬೇಕಂತೆ. ನೋಡಿದರೆ ಅವಮಾನವಂತೆ. ಯಾರಿಗೆ ಅವಮಾನ? ಹೇಳಿದ ಮೇಲೂ ಇಂಜಿನ್ ಬಿಸಿ ಮಾಡಿ ಇಟ್ಟವನಿಗೆ ಇಲ್ಲದ ಅವಮಾನ ಕೈ ಇಟ್ಟು ನೋಡಿದ ನನಗೆ ಯಾಕೆ?

ಅಷ್ಟರಲ್ಲಿ ಅವನು ಗೋಡೆ ಗಡಿಯಾರ ನೋಡಿ ಮುಂದಿನ ಪಟ್ಟು ಹಾಕಿದ. "ಭಾವ, ಹತ್ತೂವರೆಗೆ ರಾಹುಕಾಲ ಬರ್ತದೆ. ಅಷ್ಟ್ರೊಳ್ಗೆ ಎಲೆ ಅಡ್ಕೆ ಮುಗಿಸ್ಬಿಡೋಣ. ಪೇಪರ್ ಕೆಲ್ಸ ನಿಧಾನಕ್ಕೆ ಆಯ್ತದೆ."

ಮಾವ ದಡಬಡ ಎದ್ದರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಅವರು ಅಂಗಡಿಯಲ್ಲಿ ಹೊಸ ಅಕ್ಕಿ ಮೂಟೆಯ ಬಾಯಿ ಕೂಡ ಬಿಚ್ಚುವವರಲ್ಲ. ಚೀಲದೊಳಗೆ ಕೈ ಹಾಕಿಯೇಬಿಟ್ಟರು. ನನಗೆ ಆಗ ಏನು ತೋಚಿತೋ, ಚಾಪೆಯಂಥ ಒಂದು ಗೋಣಿಚೀಲ ಬಿದ್ದಿತ್ತು, ಅದನ್ನು ಎಳೆದುಕೊಂಡು ಗಾಡಿಯ ಕೆಳಗೆ ಮಲಗಿಬಿಟ್ಟೆ. ನನ್ನನ್ನು ಬಿಟ್ಟು ದುಡ್ಡು ಕೊಡುವ ಹಾಗಿಲ್ಲ. ಎಲೆ ಅಡಿಕೆ ನಾನೇ ಮುಟ್ಟಿ ಕೊಡಬೇಕು.

"ಎಲ್ಲೋ ಹೋದೆ?"

"ಕೆಳಗಿದೀನಿ ಮಾವ. ಚಾಸಿ ನೋಡ್ತಿದೀನಿ."

"ಬಾರೋ ಈಚೆಗೆ, ಟೈಮಾಯ್ತು!"

"ಬಂದೆ ಬಂದೆ."

ಕೆಳಗಿನಿಂದ ನನಗೆ ಎರಡು ಜೊತೆ ಕಾಲು ಮಾತ್ರ ಕಾಣುತ್ತಿದ್ದವು. ಮಾವನ ಬರಿಗಾಲು ಅತ್ತಿಂದಿತ್ತ ಓಡಾಡುತ್ತಿತ್ತು. ಅವನ ಚಪ್ಪಲಿಕಾಲು ನೆಲಕ್ಕೆ ತಟ್ಟುತ್ತಿತ್ತು. ನಾನು ಸ್ಪ್ರಿಂಗ್ ಪಟ್ಟಿ ನೋಡಿದೆ. ಒಂದು ಕಡೆಗೆ ಜಾಸ್ತಿ ಪಟ್ಟಿ ಕಟ್ಟಿಸಿದ್ದ, ಮಿತಿಮೀರಿ ಲೋಡ್ ಹೊಡೆದ ಗಾಡಿಗೆ ಹಾಗೆ ಮಾಡುತ್ತಾರೆ. ಗಾಡಿಯ ಭಾರವೆಲ್ಲ ಹೊರುವ ಚಾಸಿಯೇ ಬಿರುಕು ಬಿಟ್ಟು ವೆಲ್ಡಿಂಗ್ ಆಗಿತ್ತು, ಅದರ ಮೇಲೆ ಕಪ್ಪು ಬಣ್ಣ. ನಾನು ವೆಲ್ಡಿಂಗ್ ಅಂಗಡಿಯಲ್ಲಿ ದಿನಾ ನಿಲ್ಲುವವನು, ಬಣ್ಣ ಬಳಿದರೆ ಗೊತ್ತಾಗುವುದಿಲ್ಲವಾ? ಮೇಲಿನಿಂದ ಬಿಸಿ ಗ್ರೀಸು ಒಂದು ತೊಟ್ಟು ಕೆನ್ನೆಗೆ ಬಿತ್ತು. ಅಲ್ಲಾಡಲಿಲ್ಲ. ಫೋನಿನಲ್ಲಿ ಟೈಮ್ ನೋಡುತ್ತ ಮಲಗಿದ್ದೆ.

"ಭಾವ, ಎಳೀರಿ ಕಾಲ್ ಹಿಡ್ದು," ಅಂತ ಅವನು ನಕ್ಕ. ನಗು ಮೊದಲಿನ ಹಾಗಿರಲಿಲ್ಲ.

ಹತ್ತೂವರೆ ದಾಟಿದ ಮೇಲೆ ತೆವಳಿಕೊಂಡು ಹೊರಗೆ ಬಂದೆ.

ಮಾವ ಬೈದರು. ಅಂಗಡಿಯ ಮುಂದೆ ಕುಡುಕರು ಬಂದರೂ ಹಾಗೆ ಬೈದವರಲ್ಲ. "ಕತ್ತೆ! ಒಳ್ಳೇ ಟೈಮ್ ಹಾಳ್ ಮಾಡ್ದೆ!"

"ಆಯ್ತಲ್ಲ ಮಾವ. ರಾಹುಕಾಲ ಮುಗೀಲಿ. ಹನ್ನೆರಡಾದ್ಮೇಲೆ ಕೊಟ್ರಾಯ್ತು. ಅಲ್ಲೀವರ್ಗೂ ಗಾಡಿನೂ ಸುಮ್ನೆ ನಿಂತಿರ್ಲಿ."

ಕೊನೆಯ ಮಾತು ಹೇಳುವಾಗ ನಾನು ಅವನ ಮುಖ ನೋಡುತ್ತಿದ್ದೆ. ಅವನಿಗೆ ಅರ್ಥವಾಯಿತು. ತಕ್ಷಣ, "ಅಷ್ಟೊತ್ತು ಕೂತ್ಕೊಂಡು ಏನ್ಮಾಡ್ತೀರಾ? ಹತ್ತಿ ಗಾಡಿ, ಕೆಂಗೇರಿ ತನಕ ಒಂದ್ ಟ್ರಯಲ್ ನೋಡ್ಕೊಂಡ್ ಬನ್ನಿ" ಅಂತ ಬಾಗಿಲಿಗೆ ಕೈ ಹಾಕಿದ. ಮತ್ತೆ ಬಿಸಿ ಮಾಡುವ ಹುನ್ನಾರ.

ಅಡ್ಡ ಬಂದಿದ್ದು ನಾನಲ್ಲ, ಮಾವ. "ಬೇಡ ಬೇಡ. ರಾಹುಕಾಲದಲ್ಲಿ ಹೊಸ ಗಾಡಿ ಹತ್ತಬಾರ್ದು," ಅಂದರು.

"ಹೊಸ್ದೆಲ್ಲಿ ಭಾವ, ಹಳೇ ಗಾಡಿ..."

"ನಮ್ಗೆ ಹೊಸ್ದೇ ಅಲ್ವಾ?"

ಅವನೇ ತಂದ ರಾಹುಕಾಲ. ಈಗ ಅದನ್ನು ದಾಟುವ ಧೈರ್ಯ ಅವನಿಗೂ ಬರಲಿಲ್ಲ, ಮಾವನ ಎದುರಿಗಂತೂ ಇಲ್ಲ. ನಾನು ಗಾಡಿಯಲ್ಲಿದ್ದ ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದೆ. ಹೊಂಗೆ ಮರದ ನೆರಳಿತ್ತು, ಗಾಳಿ ಆಡುತ್ತಿತ್ತು. ಮೂವರೂ ಜಗುಲಿಯ ಮೇಲೆ ಕೂತೆವು. ಇನ್ನೊಂದು ಸಲ ಕಾಫಿ ಬಂತು. ಈ ಸಲ ನಾನು ಪೂರ್ತಿ ಕುಡಿದೆ. ಅವನು ಊರಿನ ಸುದ್ದಿ ತೆಗೆಯಲಿಲ್ಲ.

ಹನ್ನೆರಡು ಹೊಡೆದ ಮೇಲೆ ಹೋಗಿ ರೇಡಿಯೇಟರ್ ಮುಟ್ಟಿದೆ. ಬೆಚ್ಚಗಿತ್ತು, ಅಷ್ಟೇ. ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದೆ. ಮುಚ್ಚಳದ ಒಳಗೆ ಕಂದು ಬಣ್ಣದ ಜಿಡ್ಡು, ನೀರಿಗೆ ಆಯಿಲ್ ಸೇರಿದರೆ ಕಟ್ಟುವಂಥದ್ದು, ಬೆರಳಿಗೆ ಅಂಟಿದರೆ ಬಿಡದು. ನೀರು ಮಾತ್ರ ತಿಳಿಯಾಗಿತ್ತು. ಇಂಜಿನ್ ತಣ್ಣಗಿಡುವ ಬಣ್ಣದ ಕೂಲೆಂಟ್ ಇರಬೇಕಾದ ಕಡೆ ಬರೀ ಕೊಳಾಯಿ ನೀರು. ಹಳೇದನ್ನು ಚೆಲ್ಲಿ ತೊಳೆದು ತುಂಬಿದ್ದ, ಮುಚ್ಚಳ ಒರೆಸುವುದು ಮರೆತಿದ್ದ.

ಕೀ ಅವನ ಕೈಗೆ ಕೊಟ್ಟೆ. "ನೀವೇ ಸ್ಟಾರ್ಟ್ ಹೊಡೀರಣ್ಣ. ಮುಚ್ಚಳ ತೆಗ್ದೇ ಇರ್ತದೆ. ಮಾವ, ನೀವ್ ಇಲ್ಲಿ ಬನ್ನಿ."

ಕೀ ತಿರುಗಿಸಿದ. ಕುಂಯ್ ಕುಂಯ್ ಅಂತ ಎಳೆಯಿತು, ನಿಂತಿತು. ಮತ್ತೆ ತಿರುಗಿಸಿದ. ಮೂರನೇ ಸಲಕ್ಕೆ ಇಡೀ ಗಾಡಿ ಚಳಿಜ್ವರ ಬಂದ ಹಾಗೆ ನಡುಗಿ ಸ್ಟಾರ್ಟ್ ಆಯಿತು. ಹಾರದ ಹೂವು ಉದುರಿದವು. ಸೈಲೆನ್ಸರಿನಿಂದ ಬಿಳಿ ಹೊಗೆ ಏಳುತ್ತಲೇ ಪಕ್ಕದ ಮನೆಯ ಆಂಟಿ ಒಣಹಾಕಿದ್ದ ಬಟ್ಟೆ ಎಳೆದುಕೊಂಡು ಒಳಗೆ ಓಡಿದರು.

"ಚಳಿ ಅಲ್ವಾ, ಅದ್ಕೇ," ಅಂತ ಅವನು ಕ್ಯಾಬಿನ್ನಿಂದ ಕೂಗಿದ.

"ಹನ್ನೆರಡು ಗಂಟೆ ಬಿಸ್ಲಲ್ಲಿ ಯಾವ್ ಚಳಿನಣ್ಣ?"

ರೇಡಿಯೇಟರ್ ಬಾಯಲ್ಲಿ ಗುಳ್ಳೆ ಶುರುವಾಯಿತು. ಒಂದೊಂದೇ ಅಲ್ಲ. ಅನ್ನಕ್ಕೆ ಇಟ್ಟ ಎಸರು ಮರಳುವ ಹಾಗೆ.

"ಮಾವ, ಏನ್ ಕಾಣ್ತಿದೆ?"

"ನೀರು ಕುದೀತಿದೆ."

"ಬೆರಳು ಹಾಕಿ ನೋಡಿ."

ಅವರು ಹೆದರಿಕೊಂಡೇ ತುದಿಬೆರಳು ಅದ್ದಿದರು. ಮತ್ತೆ ಅದ್ದಿದರು. "ಬಿಸಿನೇ ಇಲ್ವಲ್ಲೋ!"

"ಅದೇ ಮತ್ತೆ. ನೀರು ಕುದೀತಿಲ್ಲ. ಇಂಜಿನ್ ಒಳ್ಗಿನ ಗಾಳಿ ನೀರಿಗೆ ನುಗ್ತಾ ಐತೆ. ಅವೆರಡ್ರ ಮಧ್ಯ ತಡೆಯೋ ಗ್ಯಾಸ್ಕೆಟ್ ಹೋಗೈತೆ. ಒಳ್ಗೆ ಇನ್ನೇನೇನ್ ಬಿರುಕು ಬಿಟ್ಟೈತೋ ಬಿಚ್ಚಿದ್ರೇ ಗೊತ್ತಾಗೋದು. ಇದ್ರಲ್ಲಿ ಲೋಡ್ ಹಾಕ್ಕೊಂಡು ಹೋದ್ರೆ ಜ್ಞಾನಭಾರತಿ ಮುಟ್ಟೋಕ್ಕೆ ಮುಂಚೆ ಇಂಜಿನ್ ಸೀಜ್ ಆಗಿ ನಿಂತೋಗ್ತದೆ."

ಅವನು ಇಳಿದು ಬಂದ. ಮುಚ್ಚಳವನ್ನು ನನ್ನ ಕೈಯಿಂದ ಕಿತ್ತುಕೊಂಡು ಹಾಕಿದ. "ಹಳೇ ಗಾಡಿ ಅಂದ್ಮೇಲೆ ಇದೆಲ್ಲ ಇದ್ದದ್ದೇ ಭಾವ. ಅದ್ಕೇ ಅಲ್ವಾ ಈ ರೇಟು? ನಿಮ್ಮ ಹುಡ್ಗಂಗೆ ನನ್ಮೇಲೆ ನಂಬ್ಕೆ ಇಲ್ಲ ಅನ್ನಿ."

"ನಿಮ್ಮೇಲೆ ಐತಣ್ಣ. ಆ ನೀರಿನ ಮೇಲಿಲ್ಲ," ಅಂದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಮಾವ ನನ್ನನ್ನು ಮರದ ಆ ಕಡೆ ಕರೆದುಕೊಂಡು ಹೋದರು. ಗುಳ್ಳೆ ನೋಡಿದ್ದಾರೆ, ಬೆರಳಿನಲ್ಲಿ ನೀರು ಇನ್ನೂ ಆರಿಲ್ಲ, ಆದರೂ, "ರಿಪೇರಿ ಮಾಡಿಸ್ಕೊಳ್ಳೋಣ ಕಣೋ. ನಾನು ಮಾತು ಕೊಟ್ಬಿಟ್ಟಿದೀನಿ. ನಿಮ್ಮತ್ತೆ ತವರಲ್ಲಿ ಹೆಂಗ್ ಮುಖ ತೋರ್ಸ್ಲಿ?" ಅಂದರು.

ಅವನ ಮೇಲಿದ್ದ ಸಿಟ್ಟಿಗಿಂತ ಇದು ದೊಡ್ಡದಾಗಿ ಬಂತು. ಅವನು ವ್ಯಾಪಾರಿ, ಮೋಸ ಮಾಡುವುದಕ್ಕೇ ಕೂತಿದ್ದ. ಇವರು ನನ್ನವರು. ನನ್ನ ಕಡೆ ನಿಲ್ಲಬೇಕಾದವರು ಗಾಡಿಯ ಕಡೆ ನಿಂತರೆ?

"ಮಾವ, ಮಾತು ಕೊಟ್ಟಿದ್ದು ನೀವು. ರಸ್ತೇಲಿ ನಿಲ್ಲೋನು ನಾನು. ಅಮ್ಮ ಇದಕ್ಕೇನಾ ಚೀಟಿ ಕಟ್ಟಿದ್ದು?" ಅಂದು ಅವರ ಕೈಯಲ್ಲಿದ್ದ ಚೀಲ ತೆಗೆದುಕೊಂಡೆ. ಕಿತ್ತುಕೊಂಡೆ ಅಂದರೂ ಸರಿಯೇ. ಎಲೆ ಅಡಿಕೆಯ ಜೊತೆಗೇ.

ಊಟಕ್ಕೆ ನಿಲ್ಲಿ ಅಂತ ಈ ಸಲ ಯಾರೂ ಹೇಳಲಿಲ್ಲ. ಮಾವನ ಸ್ಕೂಟರಿನಲ್ಲಿ ಮಾಗಡಿ ರಸ್ತೆಯುದ್ದಕ್ಕೂ ನಾನು ಹಿಂದೆ ಕೂತಿದ್ದೆ, ಚೀಲ ತೊಡೆಯ ಮೇಲೆ. ಸುಂಕದಕಟ್ಟೆ ಸಿಗ್ನಲ್ಲಿನಲ್ಲಿ ನಿಂತಾಗ ಮುಂದೆ ನೋಡಿಕೊಂಡೇ ಹೇಳಿದರು: "ನಿನ್ನಿಂದ ನನ್ನ ಮರ್ಯಾದೆ ಹೋಯ್ತು."

"ಗುಳ್ಳೆ ಬಿಟ್ಟಿದ್ದು ನಾನಲ್ಲ ಮಾವ," ಅಂದೆ. ಆಮೇಲೆ ಅವರು ಬಹಳ ದಿನ ನಮ್ಮ ಮನೆಗೆ ಬರಲಿಲ್ಲ.

ಸೋಮವಾರ ನನ್ನ ಕೈಯಲ್ಲಿ ಗಾಡಿ ಇರಲಿಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ತಲೆ ಕೆರೆದುಕೊಂಡರು. ದೊಡ್ಡ ಗೇಟುಗಳ ಸಾಗಾಟ ಬೇರೆಯವನಿಗೆ ಹೋಯಿತು. ಚಿಕ್ಕ ಗ್ರಿಲ್ಲುಗಳು ನನಗೆ ಉಳಿದವು. ಕಾಮಾಕ್ಷಿಪಾಳ್ಯದಲ್ಲಿ ದಿನಬಾಡಿಗೆಗೆ ಒಂದು ಗಾಡಿ ಹಿಡಿದು ಓಡಿಸಿದೆ. ಬಾಡಿಗೆ, ಡೀಸೆಲ್ ಕಳೆದರೆ ಕೈಗೆ ಬರುತ್ತಿದ್ದದ್ದು ತಿಂಡಿ ಕಾಸು. ಆ ತಿಂಗಳು ಪೂರ್ತಿ, ದೊಡ್ಡ ಗೇಟು ಹೇರಿಕೊಂಡು ಇನ್ನೊಬ್ಬ ಹೊರಡುವುದನ್ನು ನೋಡಿಕೊಂಡು ನಿಂತಿರುತ್ತಿದ್ದೆ. ಮೋಸ ಹೋಗದೆ ಇದ್ದದ್ದಕ್ಕೂ ನಾನೇ ದಂಡ ಕಟ್ಟಬೇಕಾಯಿತು. ಅವನಿಗೆ ಏನಾಯಿತು? ಏನೂ ಇಲ್ಲ. ಇನ್ನೊಂದು ಶುಕ್ರವಾರ ಇನ್ನೊಂದು ಹಾರ ಹಾಕಿರುತ್ತಾನೆ.

ಆಮೇಲೆ ಕೆಂಗೇರಿಯಲ್ಲಿ ಒಂದು ಗಾಡಿ ಇದೆ ಅಂತ ಗೊತ್ತಾಯಿತು. ಶಾಮಿಯಾನ ಸಾಗಿಸುತ್ತಿದ್ದದ್ದು. ಅದರ ಓನರಿಗೆ ಫೋನ್ ಮಾಡಿ ಅದೇ ಮಾತು ಹೇಳಿದೆ. "ಆರು ಗಂಟೆಗೇ ಬಾ ಗುರು, ನಾನೂ ಎದ್ದಿರಲ್ಲ, ಅದೂ ಎದ್ದಿರಲ್ಲ," ಅಂದರು. ಅಮ್ಮ ಮಾವನಿಗೆ ತಿಳಿಸಿ, ಅವರ ಚೀಲವನ್ನೂ ವಾಪಸ್ ಕಳಿಸಿದ್ದಳು ಅಂತ ಕಾಣುತ್ತದೆ. ನಾನು ಹೋಗುವಷ್ಟರಲ್ಲಿ ಅವರ ಸ್ಕೂಟರ್ ಅಲ್ಲಿ ನಿಂತಿತ್ತು. ಅದೇ ಬಟ್ಟೆ ಚೀಲ ಹ್ಯಾಂಡಲ್ಲಿಗೆ ತೂಗುತ್ತಿತ್ತು.

ಮಾವ ನೇರವಾಗಿ ಗಾಡಿಯ ಹತ್ತಿರ ಹೋದರು. ಒಂದು ಬಾಗಿಲು ನೆಗ್ಗಿ ಬಣ್ಣ ಹೋಗಿತ್ತು, ಹಾರ ಇಲ್ಲ, ಕುಂಕುಮ ಇಲ್ಲ, ಮೇಲೆಲ್ಲ ಇಬ್ಬನಿ. ಕೈ ಮುಗಿಯಲಿಲ್ಲ. ಬಾನೆಟ್ ಮೇಲೆ ಅಂಗೈ ಒತ್ತಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು.

"ತಣ್ಣಗಿದೆ ಕಣೋ," ಅಂದರು, ಅದನ್ನು ತಾವೇ ಕಂಡುಹಿಡಿದವರ ಹಾಗೆ.

ನಾನು ಮುಚ್ಚಳ ತೆಗೆದು ನೋಡಿದೆ, ಹಸಿರು ಕೂಲೆಂಟ್. ಕೀ ತಿರುಗಿಸಿದೆ. ಒಂದು ಸಲ ಕೆಮ್ಮಿ ಎದ್ದುಕೊಂಡಿತು. ಮಾವ ಬೆರಳು ಒರೆಸಿಕೊಂಡು ರೇಡಿಯೇಟರ್ ಬಾಯಿಗೆ ಬಗ್ಗಿ ನೋಡಿದರು. ಗುಳ್ಳೆ ಇರಲಿಲ್ಲ. ಅವರ ಮುಖ ಅರಳಿತು, ಚೀಲದೊಳಗೆ ಎಲೆ ಅಡಿಕೆಗೆ ಕೈ ಹಾಕಿದರು.

"ತಡೀರಿ ಮಾವ," ಅಂದೆ. "ಇನ್ನೂ ಕೆಳಗೆ ನೋಡಿಲ್ಲ."

ಗೋಣಿಚೀಲ ಹಾಸಿದ್ದು ಅವರೇ.